ಆವತಿಯ ಸ್ಲೈಡ್ ರೂಲ್

ಕರ್ಪೂರದ ವಾಸನೆ ಬಂದರೆ ಎಲ್ಲರಿಗೂ ದೇವರ ಮನೆ ನೆನಪಾಗುತ್ತದೆ. ನನಗೆ ದೊಡ್ಡಬಳ್ಳಾಪುರದ ಹಳೆಯ ಮನೆಯಲ್ಲಿದ್ದ ಚಿಕ್ಕಪ್ಪನ ಟ್ರಂಕು ನೆನಪಾಗುತ್ತದೆ. ಅದರ ತುಂಬ ಸ್ಲೈಡ್ ರೂಲುಗಳು. ಕ್ಯಾಲ್ಕುಲೇಟರ್ ಬರುವ ಮೊದಲು ಇಂಜಿನಿಯರುಗಳು ಗುಣಾಕಾರ, ಭಾಗಾಕಾರ ಮಾಡುತ್ತಿದ್ದ, ನಡುವಿನ ಪಟ್ಟಿ ಅತ್ತಿತ್ತ ಜಾರುವ ಅಳತೆಕೋಲುಗಳವು. ಹಳೆಯವುಗಳ ಮೇಲಿನ ಬಿಳಿಯ ಸೆಲ್ಯುಲಾಯ್ಡ್ ಕರ್ಪೂರದಂತೆ ಘಮಿಸುತ್ತಿತ್ತು. ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಅವನ್ನೆಲ್ಲ ಚಾಪೆಯ ಮೇಲೆ ಹರಡಿ, ಒರೆಸಿ, ಪಟ್ಟಿ ಸಲೀಸಾಗಿ ಜಾರಲೆಂದು ಚಿಟಿಕೆ ಪೌಡರ್ ಸವರುತ್ತಿದ್ದರು. ಬೀದಿಯ ಮಗ್ಗಗಳ ಸದ್ದಿಗೆ ನೆಲ ಸಣ್ಣಗೆ ಅದುರುತ್ತಿತ್ತು. “ನಿಮ್ಮ ಮುಖಕ್ಕಿಂತ ಅವಕ್ಕೇ ಜಾಸ್ತಿ ಪೌಡ್ರು,” ಎಂದು ಚಿಕ್ಕಮ್ಮ ನಗುತ್ತಿದ್ದರು.

ಚಿಕ್ಕಪ್ಪ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದರು. ಎಲ್ಲರ ಮೇಜಿಗೂ ಕ್ಯಾಲ್ಕುಲೇಟರ್ ಬಂದು ಸ್ಲೈಡ್ ರೂಲುಗಳು ಗುಜರಿ ಸೇರತೊಡಗಿದಾಗ ಒಂದೊಂದಾಗಿ ಆರಿಸಿ ತಂದರು. ಯಾವ ದೇಶದಲ್ಲಿ ತಯಾರಾದದ್ದು, ಯಾರ ಕೈಯಲ್ಲಿತ್ತು ಎಂದು ಕೆದಕಿ ಕೆದಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಸಿಕ್ಕ ಒಂದರ ಚರ್ಮದ ಚೀಲದೊಳಗೆ, ಸೂಜಿಯಿಂದ ಗೀರಿದಂತೆ, ‘ಸರಸ್ವತಿ, ಆವತಿ’ ಎಂದಿತ್ತು. ಅಷ್ಟು ಹಳೆಯ ಕಾಲದಲ್ಲಿ ಆವತಿಯಂಥ ಹಳ್ಳಿಯ ಹೆಣ್ಣುಮಗಳೊಬ್ಬಳು ಇದನ್ನು ಹಿಡಿದಿದ್ದಳೆಂಬುದೇ ಅವರಿಗೆ ನಂಬಲಾಗಲಿಲ್ಲ. ಮುಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಬಸ್ ಹತ್ತಿದರು.

ಆವತಿಯಲ್ಲಿ ಕೇಳಿದ ಕೂಡಲೇ ಮನೆ ತೋರಿಸಿದರು. ಐವತ್ತರ ಹತ್ತಿರದ ಹೆಂಗಸೊಬ್ಬರು ಜಗುಲಿಯಲ್ಲಿ ಕೂತು ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಚಿಕ್ಕಪ್ಪ ಚೀಲ ಮುಂದೆ ಹಿಡಿದಾಗ ಅವರ ಕೈ ನಿಂತಿತು.

“ಎಲ್ಲಿ ಸಿಕ್ತು ಸಾರ್ ಇದು?”

“ಗುಜರಿ ಅಂಗಡೀಲಿ. ಒಳಗೆ ಹೆಸರಿತ್ತು. ಹುಡುಕ್ತಿರ್ತಾರೇನೋ ಅಂತ ಬಂದ್ವಿ.”

“ಯಾರೂ ಹುಡುಕ್ತಿರ್ಲಿಲ್ಲ,” ಎಂದರು. ಸೆರಗಿಗೆ ಕೈ ಒರೆಸಿಕೊಂಡು ಸ್ಲೈಡ್ ರೂಲನ್ನು ಹೊರತೆಗೆದು, ನನ್ನ ಕಡೆ ತಿರುಗಿ, “ಒಂದು ಲೆಕ್ಕ ಕೊಡವ್ವ,” ಎಂದರು. ಹದಿನೆಂಟನ್ನು ಎರಡೂವರೆಯಿಂದ ಗುಣಿಸಲು ಹೇಳಿದೆ. ಸೊಪ್ಪಿನ ಹಸಿರು ಮೆತ್ತಿದ ಬೆರಳುಗಳು ಪಟ್ಟಿಯನ್ನು ಜಾರಿಸಿದವು. “ನಲವತ್ತೈದು,” ಎಂದು ಹೇಳುವಾಗ ಅವರ ಮುಖ ಎಷ್ಟು ಎಳೆಯದಾಯಿತೆಂದರೆ ನಾನು ನೋಡುತ್ತಲೇ ಉಳಿದೆ.

ಬೆಂಗಳೂರಿನಲ್ಲಿ ಎರಡು ವರ್ಷ ಇಂಜಿನಿಯರಿಂಗ್ ಓದಿದ್ದರಂತೆ. ತಂದೆ ಹಠಾತ್ತನೆ ತೀರಿಕೊಂಡರು, ಮೂವರು ತಂಗಿಯರಿದ್ದರು. ಊರಿಗೆ ಬಂದವರು ಮತ್ತೆ ಹೋಗಲಿಲ್ಲ, ಮದುವೆಯೂ ಆಗಲಿಲ್ಲ. ಮನೆ ಚೊಕ್ಕ ಮಾಡುವಾಗ ಯಾರೋ ಈ ಚೀಲವನ್ನು ಹಳೇ ಸಾಮಾನಿನ ಜೊತೆ ಹಾಕಿಬಿಟ್ಟಿದ್ದರು.

“ನಿಮ್ದೇ ಅಲ್ವಾ ಅಮ್ಮ, ಇಟ್ಕೊಳ್ಳಿ,” ಎಂದರು ಚಿಕ್ಕಪ್ಪ.

“ಬೇಡ ಸಾರ್. ಮನೇಲಿದ್ರೆ ದಿನಾ ಕಣ್ಣಿಗೆ ಬೀಳುತ್ತೆ.” ಚಿಕ್ಕಪ್ಪನ ಕೈಯಲ್ಲಿದ್ದ ನೋಟ್‌ಬುಕ್ಕಿನ ಕಡೆ ನೋಡಿ ಹೇಳಿದರು: “ನಿಮ್ಮ ಬುಕ್ಕಲ್ಲಿ ಎರಡು ವರ್ಷ ಓದಿದ್ಲು ಅಂತ ಬರ್ಕೊಳ್ಳಿ. ಯಾಕೆ ಬಿಟ್ಲು ಅಂತ ಬರೀಬೇಡಿ.”

ಬಸ್ಸಿನಲ್ಲಿ ಚಿಕ್ಕಪ್ಪ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಪ್ರತಿ ವರ್ಷ ಯುಗಾದಿಗೆ ಆವತಿಗೆ ಒಂದು ಕಾಗದ ಬರೆಯುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಒಂದು ಮಧ್ಯಾಹ್ನ ಚಿಕ್ಕಪ್ಪ ಕಚೇರಿಯಲ್ಲೇ ಎದೆನೋವಿನಿಂದ ಕುಸಿದರು. ಆಸ್ಪತ್ರೆ ತಲುಪಲಿಲ್ಲ. ಆವತಿಗೆ ನಾನೇ ಒಂದು ಕಾರ್ಡ್ ಹಾಕಿದೆ.

ತಿಥಿಯ ದಿನ ಸರಸ್ವತಮ್ಮ ಬಂದರು. ಕಂಬಕ್ಕೊರಗಿ ಒಬ್ಬರೇ ಕೂತರು. ನೆಂಟರಲ್ಲಿ ಯಾರೋ, “ನೀವು ಅವರಿಗೆ ಏನಾಗ್ಬೇಕು?” ಎಂದು ಕೇಳಿದರು.

“ಏನೂ ಆಗ್ಬೇಕಿಲ್ಲ. ನಾನು ಓದ್ದೋಳು ಅಂತ ಹುಡುಕ್ಕೊಂಡು ಬಂದೋರು ಅವರೊಬ್ರೇ.”

ಅಷ್ಟು ದಿನವೂ ಕಲ್ಲಿನಂತೆ ಕೂತಿದ್ದ ಚಿಕ್ಕಮ್ಮ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತರು, ಅವರ ಕೈ ಹಿಡಿದುಕೊಂಡು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತರು. ಸರಸ್ವತಮ್ಮ ಅಂಗಳದ ಬಿಸಿಲು ಗೋಡೆ ಹತ್ತುವವರೆಗೂ ಕೈ ಬಿಡದೆ ಹಾಗೆಯೇ ಕೂತಿದ್ದರು.