ಅರವತ್ತೊಂದನೆಯ ಪುಟದವರೆಗಿನ ಕೆಂಪು

ಮೇಜಿನ ಮೇಲಿರುವ ಪುಸ್ತಕಕ್ಕೆ ಇನ್ನೂ ವೀಳ್ಯದೆಲೆಯ ವಾಸನೆ ಇದೆ. ಎಲೆಯದ್ದಲ್ಲ, ಸುಣ್ಣದ್ದು, ಜೊತೆಗೆ ಸ್ವಲ್ಪ ಹೊಗೆಸೊಪ್ಪಿನದ್ದು ಎಂದು ತಿದ್ದಿಕೊಳ್ಳುತ್ತೇನೆ. ಎಂಟು ವರ್ಷಗಳ ಮೇಲೂ ಕಾಗದದಲ್ಲಿ ವಾಸನೆ ಉಳಿಯುತ್ತದೆಯೇ, ಅಥವಾ ಪುಟಗಳ ಕೆಳಮೂಲೆಯ ಕೆಂಪು ಕಲೆಗಳನ್ನು ನೋಡಿ ಮೂಗು ತಾನೇ ಅದನ್ನು ಹುಟ್ಟಿಸಿಕೊಳ್ಳುತ್ತಿದೆಯೇ, ಗೊತ್ತಿಲ್ಲ. ಕಲೆಗಳಂತೂ ನಿಜ. ಅವು ಅರವತ್ತೊಂದನೆಯ ಪುಟದವರೆಗೆ ಇವೆ. ಆಮೇಲೆ ಇಲ್ಲ.

ಆ ಕಲೆ ಮಾಡಿದವರು ವೇಣೂರಿನ ಲೈಬ್ರೇರಿಯಲ್ಲಿ ಪುಸ್ತಕ ಕೊಡುತ್ತಿದ್ದವರು. ಎಲ್ಲಿಯೂ ಪಾಠ ಮಾಡಿದವರಲ್ಲ, ಆದರೂ ಊರಿಗೆಲ್ಲ ಮಾಷ್ಟ್ರು. ಲೈಬ್ರೇರಿಯ ಒಳಗೆ ಕನ್ನಡ, ಮೆಟ್ಟಿಲು ಇಳಿದ ಕೂಡಲೇ ತುಳು. ‘ಎಲೆ ಹಾಕಿಕೊಂಡು ಒಳಗೆ ಬರಬಾರದು’ ಎಂದು ಗೋಡೆಗೆ ಬೋರ್ಡು ಬರೆದು ತೂಗುಹಾಕಿದವರೂ ಅವರೇ, ಅದರ ಕೆಳಗೆ ಕುಳಿತು ಇಡೀ ದಿನ ಎಲೆ ಜಗಿಯುತ್ತಿದ್ದವರೂ ಅವರೇ. ಕೇಳಿದರೆ, “ನಾನು ಒಳಗೆ ಬಂದ ಮೇಲೆ ಹಾಕಿದ್ದು” ಎನ್ನುತ್ತಿದ್ದರು.

ಗೊತ್ತಿಲ್ಲದ ಲೇಖಕನ ಯಾವ ಪುಸ್ತಕವನ್ನು ಮೊದಲು ಓದಬೇಕು ಎಂದು ತಿಳಿಯಲು ಅವರದ್ದೊಂದು ಉಪಾಯವಿತ್ತು. ಆ ಲೇಖಕನ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡುವುದು. ಮುನ್ನುಡಿ ನೋಡಬಾರದು, ಬೆನ್ನುಡಿ ನೋಡಬಾರದು. ಪುಟಗಳ ಮೂಲೆ ಮಾತ್ರ ನೋಡಬೇಕು. ನಮ್ಮ ಕಡೆ ಓದುವವರಲ್ಲಿ ಎಲೆ ಹಾಕುವವರೇ ಹೆಚ್ಚು. ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುಗಿಸುತ್ತಾರೆ, ಕೆಂಪು ಉಳಿಯುತ್ತದೆ. ಕೆಂಪು ಇಪ್ಪತ್ತನೆಯ ಪುಟಕ್ಕೆ ನಿಂತರೆ ಓದುವವನೂ ಅಲ್ಲಿಗೇ ನಿಂತಿದ್ದಾನೆ ಎಂದು ಅರ್ಥ. ಕೊನೆಯವರೆಗೆ ಹೋಗಿದ್ದರೆ ಅದನ್ನೇ ಮೊದಲು ಓದು.

“ಮುನ್ನುಡಿ ಬರೆಯುವವನಿಗೆ ದಾಕ್ಷಿಣ್ಯ ಉಂಟು. ಬೆರಳಿಗೆ ಎಂಥ ದಾಕ್ಷಿಣ್ಯ ಮಾರಾಯ?”

ಇದು ಅವರ ಮಾತೇ ಎಂದು ನಂಬಿದ್ದೇನೆ. ಹಾಸ್ಟೆಲಿನಲ್ಲಿ ಗೆಳೆಯರಿಗೆ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಹೇಳುತ್ತ ಹೇಳುತ್ತ ನಾನೇ ಅದನ್ನು ನಯ ಮಾಡಿರಲೂಬಹುದು...

ಎಂ.ಎ. ಎರಡನೆಯ ವರ್ಷದ ರಜೆಯಲ್ಲಿ ಊರಿಗೆ ಬಂದಿದ್ದೆ. ಆಗ ಒಬ್ಬ ಲೇಖಕನ ಹೆಸರು ಎಲ್ಲರ ಬಾಯಲ್ಲಿತ್ತು. ನಾನು ಅವನ ಒಂದು ಸಾಲೂ ಓದಿರಲಿಲ್ಲ. ಕಪಾಟಿನಲ್ಲಿ ಅವನ ಎರಡು ಪುಸ್ತಕಗಳಿದ್ದವು. ಮಾಷ್ಟ್ರು ಕಪಾಟಿನ ಕಡೆ ನೋಡಲೇ ಇಲ್ಲ. ಮೇಜಿನ ಸೆಳೆಖಾನೆಯಿಂದ ಮೂರನೆಯದೊಂದನ್ನು ತೆಗೆದರು. ಆಗಷ್ಟೇ ಬಂದ ಹೊಸ ಪುಸ್ತಕ, ಅವರೊಬ್ಬರೇ ಓದಿದ್ದು.

“ಇದನ್ನು ಮೊದಲು ಓದು. ನಿನಗೇಂತ ತೆಗೆದಿಟ್ಟದ್ದು.”

ನಾನು ಪುಸ್ತಕವನ್ನು ವಾಲಿಸಿ ಮೂಲೆ ನೋಡಿದೆ.

“ಮಾಷ್ಟ್ರೇ, ನಿಮ್ಮ ಕೆಂಪು ಅರವತ್ತೊಂದಕ್ಕೇ ನಿಂತಿದೆಯಲ್ಲ! ನಿಮಗೇ ಬೇಡವಾದದ್ದನ್ನು ನನ್ನ ತಲೆಗೆ ಕಟ್ಟುವುದಾ?”

“ಓಹೋ! ನಾನು ಕಲಿಸಿದ್ದು ನನಗೇ ಬಂತು” ಎಂದು ಅವರು ನಕ್ಕರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದರು. ಈ ಕೈಯ ಬಗ್ಗೆ ನನಗೆ ಅನುಮಾನವಿದೆ. ನಿಜವಾಗಿ ಹಿಡಿದಿದ್ದರೇ, ಅಥವಾ ನಂತರ ತಿಳಿದ ಸಂಗತಿಯಿಂದಾಗಿ ನಾನು ಅವರ ಕೈಯನ್ನು ಎತ್ತಿ ಅಲ್ಲಿಟ್ಟೆನೇ? ಅವರ ಬಾಯಲ್ಲಿ ಆ ದಿನ ಎಲೆ ಇತ್ತೋ ಇಲ್ಲವೋ ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ನಾನು ಪುಟದ ಮೂಲೆ ನೋಡಿದೆ. ಅವರ ಬಾಯಿ ನೋಡಲಿಲ್ಲ.

“ಹಾಗಾದರೆ ಇದು ಇಲ್ಲಿರಲಿ. ಮುಂದಿನ ಸಲ ಕೊಂಡುಹೋಗುವಿಯಂತೆ” ಎಂದರು. ನಾನು ಕಪಾಟಿನಿಂದ ಕೊನೆಯವರೆಗೆ ಕೆಂಪಾಗಿದ್ದ ಇನ್ನೊಂದನ್ನು ಹಿಡಿದುಕೊಂಡು ಬಸ್ಸು ಹತ್ತಿದೆ. ಅದು ಹಿಡಿಸಲಿಲ್ಲ. ಬೆಳ್ತಂಗಡಿ ತಲುಪುವ ಮೊದಲೇ ಮುಚ್ಚಿದೆ. ಆ ಲೇಖಕನೂ ಅಲ್ಲಿಗೇ ಮುಗಿದ. ಮುಂದಿನ ರಜೆಯಲ್ಲಿ ಹೋದಾಗ ಮೇಜಿನ ಹಿಂದೆ ಬೇರೆಯವರು ಕುಳಿತಿದ್ದರು. ಮಾಷ್ಟ್ರು ತೀರಿಕೊಂಡು ಎರಡು ತಿಂಗಳಾಗಿತ್ತು. ಏನಾಗಿತ್ತು ಎಂದು ಕೇಳಿದೆ. “ಹುಷಾರಿರಲಿಲ್ಲ” ಎಂದರು. ಅಷ್ಟಕ್ಕೇ ಸುಮ್ಮನಾದೆ.

ಈಗ ನನ್ನ ಕೆಲಸ ಬಂಟ್ವಾಳದಲ್ಲಿ. ಹೋದ ತಿಂಗಳು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬರು ನನ್ನನ್ನೇ ನೋಡುತ್ತಿದ್ದರು. ಮಾಷ್ಟ್ರ ಹೆಂಡತಿ. ಗುರುತು ಹಿಡಿದದ್ದು ಅವರು, ನಾನಲ್ಲ.

“ನೀವು ಯೂನಿವರ್ಸಿಟಿಯಲ್ಲಿ ಓದ್ತಿದ್ದವರಲ್ವಾ? ನಿಮ್ಮದೊಂದು ಪುಸ್ತಕ ನಮ್ಮಲ್ಲಿ ಉಂಟು.”

ನನ್ನದು ಯಾವುದೂ ಇರಲಾರದು ಅಕ್ಕ ಎಂದೆ. ಅವರು ಕೇಳಲಿಲ್ಲ. ಅಲ್ಲೇ ಹತ್ತಿರ ತಂಗಿಯ ಮನೆಯಲ್ಲಿದ್ದಾರೆ. ಕರೆದುಕೊಂಡು ಹೋಗಿ ಕೂರಿಸಿ, ಒಳಗಿನಿಂದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಟ್ಟ ಇದನ್ನು ತಂದರು. ಕೊನೆಯ ತಿಂಗಳಲ್ಲಿ ಮಾಷ್ಟ್ರು ಲೈಬ್ರೇರಿಯಿಂದ ಇದನ್ನು ಮತ್ತೆ ಮನೆಗೆ ತಂದಿದ್ದರಂತೆ. ಬೇರೆ ಯಾರಿಗೂ ಕೊಡಬೇಡ ಎಂದಿದ್ದರಂತೆ.

ನಾನು ಅಭ್ಯಾಸದಂತೆ ಪುಟದ ಮೂಲೆ ನೋಡಿದೆ.

“ಅರ್ಧಕ್ಕೆ ಬಿಟ್ಟಿದ್ದಾರಲ್ಲ ಅಕ್ಕ.”

“ಯಾರು, ಇವರಾ? ಬಿಟ್ಟದ್ದು ಎಲೆ. ಇದನ್ನು ಓದ್ತಾ ಇರುವಾಗಲೇ ಬಾಯಿಯ ಹುಣ್ಣು ತೋರಿಸ್ಲಿಕ್ಕೆ ಮಂಗಳೂರಿಗೆ ಹೋದದ್ದು. ಇನ್ನು ಎಲೆ ಮುಟ್ಟಬಾರದು ಅಂತ ಡಾಕ್ಟ್ರು ಹೇಳಿದ್ರು. ಪುಸ್ತಕ ಬಿಡ್ಲಿಲ್ಲ. ಮುಗಿಸಿದ ಮೇಲೆ ಮತ್ತೊಂದು ಸಲ ಓದಿದ್ರು.” ಚಾ ಕೊಡುತ್ತ ಕೇಳಿದರು, “ನೀವು ಅವತ್ತು ಯಾಕೆ ಕೊಂಡುಹೋಗ್ಲಿಲ್ಲ?”

ಕೊಟ್ಟ ಚಾ ಕುಡಿದೆ. ಬಸ್ಸಿನಲ್ಲಿ ಕುಳಿತ ಮೇಲಾದರೂ ಏನಾದರೂ ಅನಿಸೀತೆಂದು ಕಾದೆ. ಬಿ.ಸಿ. ರೋಡಿನವರೆಗೂ ಏನೂ ಅನಿಸಲಿಲ್ಲ. ಇಳಿದು ತರಕಾರಿ ಕೊಂಡು ರೂಮಿಗೆ ಬಂದೆ.

ಪುಸ್ತಕ ಮೂರು ವಾರ ಮೇಜಿನ ಮೇಲೆಯೇ ಇತ್ತು. ಮೊನ್ನೆ ಭಾನುವಾರ ಶುರುಮಾಡಿದೆ. ಚೆನ್ನಾಗಿದೆಯೋ ಇಲ್ಲವೋ, ಹೇಳಲಾರೆ. ಕೆಲವು ಪುಟಗಳಲ್ಲಿ ಕೆಂಪು ದಟ್ಟವಾಗಿದೆ. ಅಲ್ಲಿ ಅವರು ಹೆಚ್ಚು ಹೊತ್ತು ನಿಂತಿರಬೇಕು ಎಂದುಕೊಂಡು ನಾನೂ ನಿಲ್ಲುತ್ತೇನೆ. ಇಂದು ಅರವತ್ತೊಂದನ್ನು ತಿರುಗಿಸಿದೆ. ಮುಂದಿನದೆಲ್ಲ ಬಿಳಿ. ಅದನ್ನು ಅವರು ಎರಡೆರಡು ಸಲ ಓದಿದ್ದಾರೆ. ಎಲ್ಲಿ ನಿಂತರು, ಎಲ್ಲಿ ನಕ್ಕರು, ಇದನ್ನೇ ನಾನು ಮೊದಲು ಓದಬೇಕೆಂದು ಅವರಿಗೆ ಅನಿಸಿದ್ದು ಯಾವ ಪುಟದಲ್ಲಿ... ಕೇಳಬಹುದಾಗಿದ್ದ ದಿನ ನಾನು ಮೂಲೆ ನೋಡುತ್ತಿದ್ದೆ.