ನೀಲವ್ವನ ಮಾತು ನಿಂತ ವರ್ಷ

ಆಗಿನ ಇಳಕಲ್ಲಿನಲ್ಲಿ, ನಮ್ಮ ಓಣಿಯಲ್ಲಿ, ಮಗ್ಗವಿಲ್ಲದ ಮನೆ ಇರಲಿಲ್ಲ. ಬೆಳಗಾದರೆ ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ, ಅದರ ಜೊತೆಗೆ ರೊಟ್ಟಿ ಬೇಯುವ ವಾಸನೆ. ನಿಮ್ಮಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು. ನನಗೆ ಆ ವಾಸನೆ ಬಂದರೆ ಈಗಲೂ ಅಲ್ಲಿಂದ ಎದ್ದು ಹೋಗುತ್ತೇನೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ನನ್ನ ತಂಗಿ ನೀಲವ್ವ ಉಗ್ಗುತ್ತಿದ್ದಳು. ಸಾಲೆಯಲ್ಲಿ ಮಗ್ಗಿ ಹೇಳಲು ಎಬ್ಬಿಸಿ ನಿಲ್ಲಿಸಿದರೆ ಇಡೀ ವರ್ಗ ನಗುತ್ತಿತ್ತು. ಎಂಟನೆಯ ವಯಸ್ಸಿಗೇ ಸಾಲೆ ಬಿಟ್ಟಳು. ನಾನು ಹನ್ನೊಂದರವನು, ನಾಲ್ಕನೆಯ ಇಯತ್ತೆಯಲ್ಲಿ ನಪಾಸು. ಅಪ್ಪ ಇಬ್ಬರನ್ನೂ ಎದುರುಮನೆಯ ಇಮಾಮಜ್ಜನ ಹತ್ತಿರ ಕಳಿಸಿದ.

ಇಮಾಮಜ್ಜ ನೇಕಾರ. ಸಾಲೆ ಬಿಟ್ಟ ಏಳೆಂಟು ಮಕ್ಕಳನ್ನು ಮಗ್ಗದ ಸುತ್ತ ಕೂಡಿಸಿಕೊಂಡು ಕಲಿಸುತ್ತಿದ್ದ. ಪಾಟಿ ಇಲ್ಲ, ತುಂಡುನೂಲನ್ನು ನೀರಲ್ಲಿ ಅದ್ದಿ ನೆಲದ ಮೇಲೆ ಅಕ್ಷರ ಬಾಗಿಸುತ್ತಿದ್ದೆವು. ಲೆಕ್ಕಕ್ಕೆ ಎಳೆ ಎಣಿಸುವುದು. ಮಗ್ಗಿಯನ್ನು ಮಗ್ಗದ ಬಡಿತಕ್ಕೆ ಹೇಳಬೇಕು, ಒಂದು ಬಡಿತಕ್ಕೆ ಒಂದೇ ಮಾತು. ಸರಿಯಾಗಿ ಹೇಳಿದವರಿಗೆ ಪುಠಾಣಿ, ಬೆಲ್ಲ. ಒಂದು ದಿನ ನೀಲವ್ವ ಹದಿಮೂರರ ಮಗ್ಗಿಯನ್ನು ಎಲ್ಲಿಯೂ ತಡವರಿಸದೆ ಹೇಳಿಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಅವ್ವ ಅತ್ತಳು.

"ಅಕಿ ಬಾಯಾಗ ಏನೂ ಐಬಿಲ್ಲವ್ವಾ," ಎಂದ ಅಜ್ಜ. "ಇನ್ನೊಂದು ವರ್ಷ ಕುಂದರ್ಲಿ, ಮಗ್ಗ ಇಲ್ದನೂ ಮಾತಾಡ್ತಾಳ."

ಇಳಕಲ್ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಕಾಡಿಬೇಡಿ ಆ ಕೆಲಸ ಪಡೆದೆ. ನಡುವೆ ಒಂದು ಎಳೆ ತಪ್ಪಿ, ಮುಂದಿನವೆಲ್ಲ ಸರಿದವು. ಕೊನೆಗೆ ಜೋಡಿಯಿಲ್ಲದೆ ಉಳಿದದ್ದನ್ನು ಗುಟ್ಟಾಗಿ ಹರಿದು ಹಾಕಿದೆ. ಅಜ್ಜ ಬೆರಳಾಡಿಸಿಯೇ ಕಂಡುಹಿಡಿದ. ಹೊಡೆಯಲಿಲ್ಲ, ಅವನು ಯಾರನ್ನೂ ಹೊಡೆದವನಲ್ಲ.

"ಎಲ್ಲಿ ತಪ್ಪಿದಿ, ನೀನ ಹುಡುಕಲೇ ಮಗನ. ಸಿಕ್ಕ ಮ್ಯಾಲ ಅಲ್ಲಿಂದ ಬಿಚ್ಚು."

ನನಗೆ ಸಿಗಲಿಲ್ಲ. ನೀಲವ್ವ ಬಾಗಿ ಎಣಿಸಿದಳು. ಅವಳಿಗಾಗಿ ಅಜ್ಜ ಮಗ್ಗದ ಬಡಿತದಂತೆ ಮೊಣಕಾಲು ತಟ್ಟಿದ.

"ನೂರಾ... ಹದಿನೇಳು... ಇಲ್ಲಿ... ತಪ್ಪ್ಯಾನ."

"ಏ ನಪಾಸ್ಯಾ, ತಂಗಿ ಕಡೆ ಪಾಠ ಹೇಳಿಸ್ಕೋಳಲೇ!" ಎಂದು ಹುಡುಗರು ಕೂಗಿದರು. ಅಜ್ಜನೂ ನಕ್ಕ. ಆ ನಗುವನ್ನು ನಾನು ಮರೆಯಲಿಲ್ಲ.

ಎರಡು ದಿನ ಕಳೆದು, ಸಾಲೆಗೆ ಬಾರದ ಮಕ್ಕಳನ್ನು ಹುಡುಕುತ್ತ ಒಬ್ಬ ಸಾಹೇಬರು ಬಂದರು. ಅಜ್ಜ ನಮಾಜಿಗೆ ಹೋಗಿದ್ದ. ದೊಡ್ಡವನೆಂದು ನನ್ನನ್ನೇ ಕೇಳಿದರು.

"ಇಲ್ಲಿ ಏನು ಕಲಸ್ತಾರೋ ತಮ್ಮಾ?"

"ಏನೂ ಕಲಸೂದಿಲ್ರಿ. ಕೆಲಸಕ್ಕ ಹಚ್ತಾರ. ಮಾಡ್ಲಿಲ್ಲಂದ್ರ ಹೊಡಿತಾರ್ರಿ."

"ಸು... ಸು... ಸುಳ್..." ಹಿಂದಿನಿಂದ ನೀಲವ್ವ ಎದ್ದು ನಿಂತಳು. ಮಗ್ಗ ಸುಮ್ಮನಿತ್ತು. ಅವಳ ಕುತ್ತಿಗೆಯ ನರಗಳು ಉಬ್ಬಿದವು. ಸಾಹೇಬರು ಬರೆದುಕೊಂಡು, ಅವಳ ಮಾತು ಮುಗಿಯುವ ಮೊದಲೇ ಹೊರಟುಹೋದರು.

ಮಕ್ಕಳನ್ನು ಕೂಡಿಸಕೂಡದೆಂದು ಅಜ್ಜನಿಂದ ಸಹಿ ಹಾಕಿಸಿಕೊಂಡರು. ಸಂಜೆ ಅವನು ನಮ್ಮ ಮನೆಗೆ ಬಂದ.

"ನಾ ನಿನಗ ಯಾವಾಗ ಹೊಡದೇನೋ ಮಗನ? ನಿಮ್ಮಪ್ಪನ ಮುಂದ ಹೇಳು."

"ಹೊಡದೀರಿ," ಎಂದೆ, ಅವನ ಮುಖ ನೋಡದೆ.

ನೀಲವ್ವನನ್ನು ಮತ್ತೆ ಸಾಲೆಗೆ ಹಾಕಿದರು. ವಾರ ತಡೆಯಲಿಲ್ಲ. ಮುಂದೆ ಮನೆಯಲ್ಲಿಯೂ ಮಾತು ಕಡಿಮೆಯಾಗಿ, ಹದಿನೈದಾಗುವಷ್ಟರಲ್ಲಿ ಕೈಸನ್ನೆಗೆ ಇಳಿದಳು. ಹುನಗುಂದಕ್ಕೆ ಕೊಟ್ಟೆವು. ನಾನು ಹೈಸ್ಕೂಲು ಮುಗಿಸಿದೆ.

ಈಗ ನಮ್ಮ ಓಣಿಯಲ್ಲಿ ನೆಲದ ಗುಳಿಯಲ್ಲಿ ಕೂತು ನೇಯುವ ಕುಣಿಮಗ್ಗಗಳಿಲ್ಲ. ಮಕ್ಕಳು ವ್ಯಾನಿನಲ್ಲಿ ಶಾಲೆಗೆ ಹೋಗುತ್ತಾರೆ. ಹಿಂದುಳಿದ ಮಗುವಿಗಾಗಿ ಮೊಣಕಾಲು ತಟ್ಟುತ್ತ ಕಾಯುವ ಮುದುಕ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಇದ್ದವನೊಬ್ಬನನ್ನು ನಾನೇ ಕಳೆದೆ.

ಹೋದ ವರ್ಷ ನೀಲವ್ವ ತೀರಿಕೊಂಡಳು. ಮಣ್ಣು ಮುಗಿಸಿ ಬಂದ ಮೇಲೆ ಅವಳ ಮಗಳು ನನ್ನ ಪಕ್ಕ ಕೂತು ಕೇಳಿದಳು: "ಮಾಮಾ, ಅವ್ವ ಹುಟ್ಟಾ ಹಿಂಗ ಮಾತಿಲ್ದ ಇದ್ಲೇನ್ರಿ?"

"ಹೌದವಾ," ಎಂದೆ. ಆ ದಿನವೂ ಸುಳ್ಳನ್ನೇ ಹೇಳಿದೆ.