ಯಜಮಾನರ ಸಹಿ

ಮುಂಬಯಿಯ ಸಯನ್ನಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದವಳು ವಿಜಾಪುರದ ಕಡೆಯ ವಿಧವೆ. ಅವಳು ಕುಟ್ಟುತ್ತಿದ್ದ ಶೇಂಗಾ ಚಟ್ನಿಪುಡಿಯನ್ನೂ ನಾನು ಹುರಿದು ಮಾಡುತ್ತಿದ್ದ ಸಾರಿನಪುಡಿಯನ್ನೂ ಮೂರು ವರ್ಷ ಮನೆಮನೆಗೆ ಹೊತ್ತು ಮಾರಿದೆವು. ಎಪ್ಪತ್ತರ ದಶಕದ ಶುರುವಿನಲ್ಲಿ ಘಾಟ್ಕೋಪರಿನ ದೊಡ್ಡ ಅಂಗಡಿಯವರೊಬ್ಬರು ನಮ್ಮ ಪುಡಿಗಳನ್ನು ಇಡಲು ಒಪ್ಪಿದರು. ಆದರೆ ಫರ್ಮ್ ನೋಂದಣಿಯಾಗಿರಬೇಕು ಎಂದರು.

ಪಾರ್ಟ್‌ನರ್‌ಶಿಪ್ ಎಂದು ನಾವಿಬ್ಬರೂ ಕೂಡಲೇ ತೀರ್ಮಾನಿಸಿದೆವು. ಅರ್ಧ ಅವಳದು, ಅರ್ಧ ನನ್ನದು. ಸ್ಟೇಷನ್ ಹತ್ತಿರ ಇಂಥ ಕಾಗದಪತ್ರ ಮಾಡಿಸಿಕೊಡುವ ಏಜೆಂಟನೊಬ್ಬನಿದ್ದ. ಅವನು ಅವಳನ್ನು, "ಗಂಡ?" ಎಂದು ಕೇಳಿದ. ತೀರಿಕೊಂಡರು ಎಂದಳು.

"ಹಾಗಾದರೆ ನೀವು ಸಹಿ ಮಾಡಬಹುದು." ಆಮೇಲೆ ನನ್ನ ಕಡೆ ತಿರುಗಿದ. "ನೀವು ಯಜಮಾನರನ್ನು ಕಳಿಸಿ, ಬಾಯಿ. ಗಂಡ ಇರುವ ಹೆಂಗಸಿನ ಸಹಿ ನಡೆಯುವುದಿಲ್ಲ. ಕಾನೂನು."

ನನ್ನ ಸಹಿಗೆ ಬೆಲೆ ಬರಬೇಕಾದರೆ ನನ್ನ ಗಂಡ ಸಾಯಬೇಕಿತ್ತೇ? ಸಿಟ್ಟನ್ನು ನುಂಗಿಕೊಂಡು ಮನೆಗೆ ಬಂದು ಗಂಡನಿಗೆ ಹೇಳಿದೆ. ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಇವರು ಮಾರನೆಯ ದಿನವೇ ಹೋಗಿ ಬಂದರು.

ವಾರದ ಮೇಲೆ ಕಾಗದ ಬಂತು. ನನ್ನ ಮೆಟ್ರಿಕ್ಕಿನ ಇಂಗ್ಲಿಷ್ ಅಷ್ಟಕ್ಕೆ ಸಾಕಾಗಿತ್ತು. ಪ್ರೊಪ್ರೈಟರ್ ಎಂಬಲ್ಲಿ ನನ್ನ ಗಂಡನ ಹೆಸರೊಂದೇ ಇತ್ತು. ಅವಳೂ ಇರಲಿಲ್ಲ, ನಾನೂ ಇರಲಿಲ್ಲ.

"ಒಬ್ಬರ ಹೆಸರಲ್ಲಿದ್ರೆ ಸುಲಭವಂತೆ ಮಾರಾಯ್ತಿ," ಎಂದರು ಇವರು. "ಹೆಸರು ನಂದಿರ್ಲಿ, ಕೆಲಸ ನೀವು ಮಾಡಿ. ಎಲ್ಲ ಒಂದೇ ಅಲ್ವಾ?"

ನಾನು ಕಾಗದ ಓದಿ ಹೇಳಿದಾಗ ಪಕ್ಕದವಳ ಮುಖ ಕೆಂಪೇರಿತು. "ಅಕ್ಕಾ, ನಾ ಕುಟ್ಟಿದ ಚಟ್ನಿಗೆ ನಿಮ್ಮ ಯಜಮಾನ್ರು ಹೆಂಗ ಮಾಲಕ ಆಗ್ತಾರ್ರೀ? ಒಂದ್ ದಿನಾನಾದ್ರೂ ಒನಕಿ ಹಿಡದಾರೇನು?"

ಇವರ ಎದುರಿಗೇ ಆ ಕಾಗದವನ್ನು ಹರಿದು ಹಾಕಿದೆ. ಮರುದಿನ ಬೆಳಿಗ್ಗೆ ನಾನೂ ಅವಳೂ ಲೋಕಲ್ ರೈಲು ಹಿಡಿದು, ಕೇಳುತ್ತ ಕೇಳುತ್ತ ಫರ್ಮ್‌ಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಗೆ ಹೋದೆವು. ಅಲ್ಲಿದ್ದ ವಯಸ್ಸಾದ ಗುಮಾಸ್ತರಿಗೆ, ಗಂಡನ ಸಹಿ ಇಲ್ಲದೆ ಆಗುವುದಿಲ್ಲವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಪಾಲುದಾರರು ಯಾರು, ಬಾಯಿ?"

"ನಾವಿಬ್ಬರೇ."

"ಮತ್ತೆ ಗಂಡ ಯಾಕೆ ಬೇಕು? ಅಂಥ ಕಾನೂನೇ ಇಲ್ಲ."

ನನಗೆ ಸಂತೋಷವಾಗಬೇಕಿತ್ತು. ಆದರೆ ಬಂದದ್ದು ಸಿಟ್ಟು. ಇಲ್ಲದ ಕಾನೂನೊಂದಕ್ಕೆ ತಲೆಬಾಗಿ ನಾನೇ ಇವರನ್ನು ಕಳಿಸಿದ್ದೆ! ಒಪ್ಪಂದ ಬರೆಸಿ, ಇನ್ನೆರಡು ಸಲ ಓಡಾಡಿ, ನಮ್ಮಿಬ್ಬರ ಹೆಸರಿನಲ್ಲೇ ನೋಂದಣಿ ಮುಗಿಸಿದೆವು. ಬರುವಾಗ ಏಜೆಂಟನ ಮೇಜಿನ ಮುಂದೆ ನಿಂತು, ಕಾದಿದ್ದವರಿಗೆಲ್ಲ ಕೇಳುವಂತೆ ಅವನು ಹೇಳಿದ ಕಾನೂನು ಸುಳ್ಳು ಎಂದು ಹೇಳಿದೆ. ಅವನು ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದ.

ಇವರು ಎಂಟು ದಿನ ಹೋಟೆಲಿನಲ್ಲೇ ಉಂಡರು. ಒಂಬತ್ತನೆಯ ದಿನ ಮನೆಗೆ ಬಂದು, "ಊಟ ಉಂಟಾ?" ಎಂದರು. ಬಡಿಸಿದೆ. ತಪ್ಪಾಯಿತು ಎಂಬ ಮಾತು ಮಾತ್ರ ಅವರ ಬಾಯಿಂದ ಇವತ್ತಿನವರೆಗೂ ಬಂದಿಲ್ಲ, ಅದನ್ನು ನಾನೂ ಮರೆತಿಲ್ಲ.